ತುಂಬಿದ ಮನೆಯಲ್ಲಿ ಕೇಳುವವರು ಯಾರು?

ಮುದುಕರ ಮರೆವಿನ ಬಗ್ಗೆ ರಾಯಚೂರು ಸೀಮೆಯಲ್ಲಿ ಎರಡು ಮಾತು ಒಟ್ಟೊಟ್ಟಿಗೆ ಓಡಾಡುತ್ತವೆ. ಒಂದು: ‘ನಮ್ಮ ಹಳ್ಳಿ ಮಂದಿಗೆ ಎಲ್ಲಿದ್ರೀ ಟೆನ್ಷನ್ನು? ಅದೆಲ್ಲಾ ಬೆಂಗಳೂರಿನವರ ರೋಗ. ತುಂಬಿದ ಮನಿ, ಮಕ್ಕಳು ಮೊಮ್ಮಕ್ಕಳು, ಮೈತುಂಬ ದಗದ. ತಲಿ ಯಾಕ ಕೆಡ್ತದ?’ ಇನ್ನೊಂದು, ಅದೇ ಹಳ್ಳಿಯ ಮುದುಕಿ ಹೊಲದಿಂದ ಮನೆಗೆ ಬರುವ ದಾರಿ ಮರೆತಾಗ ಹೊರಡುವ ಮಾತು: ‘ವಯಸ್ಸಾಯ್ತಲ್ರೀ, ಅರವತ್ತಕ್ಕ ಅರಳು ಮರುಳು.’ ಮೊದಲನೆಯದನ್ನು ನಂಬಿದರೆ ಇಲ್ಲಿ ಮರೆವಿನ ಕಾಯಿಲೆಯೇ ಇಲ್ಲ. ಎರಡನೆಯದನ್ನು ನಂಬಿದರೆ ಅದು ಎಲ್ಲರಿಗೂ ಬಂದೇ ಬರುವಂಥದ್ದು. ಒಂದಕ್ಕೊಂದು ಹೊಂದದ ಈ ಎರಡು ಮಾತು ಒಂದೇ ಬಾಯಿಂದ ಬರುತ್ತವೆ, ಮತ್ತು ಎರಡರ ಫಲವೂ ಒಂದೇ: ಆ ಮುದುಕಿಯನ್ನು ಯಾರೂ ದವಾಖಾನೆಗೆ ಕರೆದುಕೊಂಡು ಹೋಗುವುದಿಲ್ಲ.

ಇದು ಓದುಬರಹ ಇಲ್ಲದವರ ನಂಬಿಕೆ ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಹಿರಿಯ ನಾಗರಿಕರ ದಿನದ ವೇದಿಕೆಗಳಲ್ಲಿ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಇದೇ ಮಾತು ಸಂಸ್ಕೃತಿಯ ಹೆಮ್ಮೆಯ ಉಡುಪು ತೊಟ್ಟು ಬರುತ್ತದೆ. ಪಶ್ಚಿಮದವರಿಗೆ ವೃದ್ಧಾಶ್ರಮ, ನಮಗೆ ಕೂಡುಕುಟುಂಬ. ಒತ್ತಡ ಮಿದುಳನ್ನು ಬೇಗ ಮುದಿಯಾಗಿಸುತ್ತದೆ, ಬಂಧುಬಳಗ ಅದನ್ನು ಕಾಯುತ್ತದೆ, ಆದ್ದರಿಂದ ನಮ್ಮ ಹಳ್ಳಿಗಳು ಸುರಕ್ಷಿತ. ಈ ತರ್ಕದ ಮೊದಲೆರಡು ಹೆಜ್ಜೆಗಳಿಗೆ ನನ್ನ ತಕರಾರಿಲ್ಲ. ಮೂರನೆಯ ಹೆಜ್ಜೆಯೇ ತಪ್ಪು. ರಾಯಚೂರು ನಗರ, ದೇವದುರ್ಗ, ಮಾನ್ವಿ, ಈ ಮೂರು ಕಡೆಯ ಬದುಕನ್ನು ಮುಂದಿಟ್ಟುಕೊಂಡು ನೋಡಿದರೆ ಅದು ಎಷ್ಟು ತಪ್ಪು ಎಂಬುದು ತಿಳಿಯುತ್ತದೆ.

ಈ ನಂಬಿಕೆಗೆ ಒಂದು ಕಾಲದಲ್ಲಿ ವಿಜ್ಞಾನದ ಆಸರೆಯೂ ಇತ್ತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಜಂಟಿಯಾಗಿ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. 65 ದಾಟಿದವರಲ್ಲಿ ಆಲ್ಝೈಮರ್ ಇದ್ದವರು ನೂರಕ್ಕೆ 1.07 ಮಾತ್ರ ಎಂದು ಅದು ಹೇಳಿತು. ಜಗತ್ತಿನಲ್ಲೇ ಅತಿ ಕಡಿಮೆ ಪ್ರಮಾಣಗಳಲ್ಲಿ ಅದೊಂದು. ಅರಿಶಿನ, ಸಸ್ಯಾಹಾರ, ಕೂಡುಕುಟುಂಬ ಎಂದು ಕಾರಣಗಳನ್ನು ಹುಡುಕುವ ಉತ್ಸಾಹ ಆಗ ಶುರುವಾದದ್ದು ಇನ್ನೂ ತಣಿದಿಲ್ಲ. ಹತ್ತು ವರ್ಷಗಳ ನಂತರ, 2008ರಲ್ಲಿ, ಹಲವು ದೇಶಗಳ ‘10/66’ ಸಂಶೋಧನಾ ತಂಡ ಒಂದು ಮುಖ್ಯ ಸಂಗತಿಯನ್ನು ಹೊರಗಿಟ್ಟಿತು. ಅಮೆರಿಕದ ಮನೋವೈದ್ಯರ ಪ್ರಮಾಣಿತ ಅಳತೆಗೋಲು ಹಿಡಿದರೆ ತಮಿಳುನಾಡಿನ ವೆಲ್ಲೂರಿನ ಹಳ್ಳಿಗಳಲ್ಲಿ ಡಿಮೆನ್ಷಿಯಾ, ಅಂದರೆ ಆಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು, ಸಿಕ್ಕಿದ್ದು ನೂರಕ್ಕೆ 0.3. ಬಡ ಸಮುದಾಯಗಳಿಗೆ ಒಗ್ಗುವಂತೆ ತಿದ್ದಿದ ಅಳತೆಗೋಲು ಹಿಡಿದಾಗ ಅದು ಹಲವು ಪಟ್ಟು ಏರಿತು. ಕಾಯಿಲೆ ಅಲ್ಲೇ ಇತ್ತು, ಕಾಣುತ್ತಿರಲಿಲ್ಲ.

ಯಾಕೆ ಕಾಣುತ್ತಿರಲಿಲ್ಲ ಎಂಬುದನ್ನು ತುಂಬಿದ ಮನೆಯ ಬಗ್ಗೆ ಹೆಮ್ಮೆಪಡುವವರು ಗಮನವಿಟ್ಟು ಕೇಳಬೇಕು. ಪ್ರಮಾಣಿತ ಅಳತೆಯಲ್ಲಿ ಡಿಮೆನ್ಷಿಯಾ ಎನ್ನಬೇಕಾದರೆ ಮರೆವಿನ ಜೊತೆಗೆ ದಿನನಿತ್ಯದ ಕೆಲಸ ಕೆಟ್ಟಿದೆ ಎಂದು ಮನೆಯವರು ಹೇಳಬೇಕು. ಬ್ಯಾಂಕಿನ ವ್ಯವಹಾರ, ಬಿಲ್ಲು, ಔಷಧಿಯ ಲೆಕ್ಕ, ಒಬ್ಬರೇ ಮಾಡುವ ಪ್ರಯಾಣ ಇವುಗಳಲ್ಲಿ ತೊಡಕು ಕಾಣಬೇಕು. ಹಳ್ಳಿಮನೆಯ ಮುದುಕಿಗೆ ಇವು ಯಾವುವೂ ಒಪ್ಪಿಸಿದ ಕೆಲಸಗಳಲ್ಲ. ಕಟ್ಟೆಯ ಮೇಲೆ ಕೂತು, ಕೊಟ್ಟಾಗ ರೊಟ್ಟಿ ತಿಂದು, ಹೇಳಿದಾಗ ಮಲಗುವವಳಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ಆದ್ದರಿಂದ ಅವಳಿಗೆ ಏನು ತಪ್ಪಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮನೆ ಅವಳನ್ನು ಕಾಯುತ್ತಿದೆ ಎಂದು ನಾವು ತಿಳಿದಿದ್ದೆವು. ಮನೆ ಅವಳ ಕಾಯಿಲೆಯನ್ನು ಮುಚ್ಚಿಟ್ಟಿತ್ತು.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ, ಹಿರಿಯರ ಮೇಲಿನ ‘ಲಾಸಿ’ ಸಮೀಕ್ಷೆಯ ಡಿಮೆನ್ಷಿಯಾ ಭಾಗ, ಈ ಚಿತ್ರವನ್ನು ಪೂರ್ತಿ ಬದಲಿಸಿತು. 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ‘ಟೆನ್ಷನ್ ಪಟ್ಟಣದ ರೋಗ’ ಎಂಬ ಮಾತು ಈ ಅಂಕಿಯ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಒತ್ತಡ ಮಿದುಳಿಗೆ ಏನು ಮಾಡುತ್ತದೆ? ಇದಕ್ಕೆ ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು ಕರ್ನಾಟಕದಲ್ಲೇ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರ ಪ್ರಯೋಗಾಲಯ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ 2002ರಲ್ಲಿ ಪ್ರಕಟಿಸಿದ ಕೆಲಸ ಅದು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟರು. ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ಕವಲುಗಳು ಕುಗ್ಗಿದವು. ಭಯವನ್ನು ನಿಭಾಯಿಸುವ ಅಮಿಗ್ಡಲದಲ್ಲಿ ಅದೇ ಒತ್ತಡದಿಂದ ಕವಲುಗಳು ಬೆಳೆದವು. ಅದೇ ಪ್ರಯೋಗಾಲಯದ 2004ರ ಪ್ರಯೋಗದಲ್ಲಿ ಇಲಿಗಳಿಗೆ 21 ದಿನ ಬಿಡುವು ಕೊಟ್ಟರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲದ ಬೆಳವಣಿಗೆ ಹಾಗೆಯೇ ಉಳಿಯಿತು, ಅಂಜಿಕೆಯೂ ಉಳಿಯಿತು. ಇಲಿಯಿಂದ ಮನುಷ್ಯರಿಗೆ ನೇರವಾಗಿ ಜಿಗಿಯಬಾರದು, ನಿಜ. ಆದರೆ ಮನುಷ್ಯರಲ್ಲೂ ಈ ದಾರಿಯ ಗುರುತುಗಳಿವೆ. ಹಲವು ವರ್ಷಗಳ ಕಾಲ ರಕ್ತದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರುತ್ತಲೇ ಹೋದ ವೃದ್ಧರ ಹಿಪೊಕ್ಯಾಂಪಸ್ ಚಿಕ್ಕದಾಗಿತ್ತು, ನೆನಪಿನ ಪರೀಕ್ಷೆಯಲ್ಲೂ ಅವರು ಹಿಂದೆ ಬಿದ್ದರು ಎಂದು ಕೆನಡಾದ ಸೋನಿಯಾ ಲುಪಿಯನ್ ಮತ್ತು ಸಂಗಡಿಗರು 1998ರಲ್ಲೇ ತೋರಿಸಿದ್ದರು. ಅಮೆರಿಕದ ಬ್ರೂಸ್ ಮೆಕ್‌ಇವನ್ ಇದಕ್ಕೆ ಒಂದು ಚೌಕಟ್ಟು ಕೊಟ್ಟರು. ಒತ್ತಡ ಬಂದಾಗ ದೇಹ ಎದ್ದು ನಿಲ್ಲುವುದು ಒಳ್ಳೆಯದೇ, ಕೂರಲು ಬಿಡದೆ ನಿಲ್ಲಿಸಿಯೇ ಇಟ್ಟರೆ ಆ ನಿಲುವೇ ದೇಹವನ್ನು ಸವೆಸುತ್ತದೆ. ನೊಗ ಇಳಿಸದೆ ಮಲಗಿಸಿದ ಎತ್ತಿನ ಹೆಗಲಿನಂತೆ, ಕೆಲಸವಿಲ್ಲದ ಹೊತ್ತಿನಲ್ಲೂ ಸವೆತ ನಡೆದೇ ಇರುತ್ತದೆ.

ಈಗ ದೇವದುರ್ಗದ ಕಡೆ ನೋಡೋಣ. 2002ರ ನಂಜುಂಡಪ್ಪ ಸಮಿತಿ ‘ಅತ್ಯಂತ ಹಿಂದುಳಿದ’ ಎಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇದ್ದವು. ಇವತ್ತು ಎಪ್ಪತ್ತರ ಆಚೀಚೆ ಇರುವ ಅಲ್ಲಿನ ಹೆಂಗಸಿನ ಬದುಕನ್ನು ವಯಸ್ಸಿನ ಲೆಕ್ಕದಲ್ಲಿ ಓದಬೇಕು. ಅವಳು ಹುಟ್ಟಿದ್ದು ರಾಯಚೂರು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ 1956ರ ಆಸುಪಾಸಿನಲ್ಲಿ. ಶಾಲೆಯ ಮೆಟ್ಟಿಲು ಹತ್ತಲಿಲ್ಲ. 2011ರ ಜನಗಣತಿಯ ಹೊತ್ತಿಗೂ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಅಕ್ಷರ ಬರುತ್ತಿರಲಿಲ್ಲ ಎಂದರೆ ಅವಳ ತಲೆಮಾರಿನ ಪಾಡು ಹೇಳಬೇಕಾಗಿಲ್ಲ. ಮದುವೆಯಾಗಿ ಮೊದಲ ಬಸುರಿನ ವಯಸ್ಸಿಗೆ 1972ರ ಬರ. ಈ ಸೀಮೆಯ ಹಿರಿಯರು ವಯಸ್ಸನ್ನು ಎಣಿಸುವುದೇ ಆ ಬರದಿಂದ. ಆಮೇಲೆ ವರ್ಷ ವರ್ಷ ಗುಳೆ: ಮುಂಬೈ, ಪುಣೆ, ಗೋವಾ, ಹೈದರಾಬಾದು, ಬೆಂಗಳೂರು. ಕಟ್ಟುತ್ತಿರುವ ಕಟ್ಟಡದ ಕೆಳಗೆ ತಗಡಿನ ಮರೆಯಲ್ಲಿ ಬಾಣಂತನ. ಮುಂಗಡ ಕೊಟ್ಟ ಮೇಸ್ತ್ರಿಯ ಬೆದರಿಕೆ, ಗಂಡನ ಕುಡಿತ, ಸತ್ತ ಕೂಸು. ಇವುಗಳಲ್ಲಿ ಒಂದೂ ಅಸಾಧಾರಣವಲ್ಲ, ಮತ್ತು ಭೀಕರತೆ ಇರುವುದು ಅಲ್ಲಿಯೇ. ಗರ್ಭದಲ್ಲಿದ್ದಾಗಿನ ಹಸಿವು ಕೂಡ ಮಿದುಳಿನಲ್ಲಿ ದಾಖಲಾಗುತ್ತದೆ. 1944–45ರಲ್ಲಿ ಯುದ್ಧದಿಂದ ನೆದರ್ಲೆಂಡ್ಸ್‌ನಲ್ಲಿ ಬಂದ ‘ಹಸಿವಿನ ಚಳಿಗಾಲ’ದಲ್ಲಿ ಗರ್ಭದಲ್ಲಿದ್ದವರು 58ರ ಹೊತ್ತಿಗೆ ಗಮನ ಹಿಡಿದಿಡುವ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿದ್ದರು ಎಂದು 2010ರ ಅಧ್ಯಯನವೊಂದು ಹೇಳಿದೆ. ಆ ಹಸಿವು ಕೆಲವೇ ತಿಂಗಳಿನದು. ನಮ್ಮ ರಾಯಚೂರು ದೋಆಬಿನ ಹಸಿವಿಗೆ ಅಂಥ ಕೊನೆಯ ತಾರೀಕು ಇರಲಿಲ್ಲ.

‘ಮೈತುಂಬ ದಗದ ಇದ್ದವರಿಗೆ ಚಿಂತಿ ಇರೋದಿಲ್ಲ’ ಎನ್ನುವವರು ದೇಹದ ಶ್ರಮವನ್ನೂ ಬದುಕಿನ ಮೇಲಿನ ಹಿಡಿತವನ್ನೂ ಒಂದೇ ಎಂದು ತಿಳಿಯುತ್ತಾರೆ. ಒತ್ತಡದ ವಿಷ ಇರುವುದು ಶ್ರಮದಲ್ಲಲ್ಲ. ಮುಂದೇನು ಎಂದು ತಿಳಿಯದಿರುವುದರಲ್ಲಿ, ತಿಳಿದರೂ ತಪ್ಪಿಸಲಾಗದಿರುವುದರಲ್ಲಿ. ಮಾನ್ವಿಯ ಕಾಲುವೆಯ ಕೊನೆಭಾಗದ ರೈತನನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಅವನ ಹೊಲದ ತನಕ ಬಂದಿದೆ. ನೀರು ಬರುತ್ತದೋ ಇಲ್ಲವೋ ಎಂಬುದು ಮೇಲಿನವರು ಎಷ್ಟು ಬಿಟ್ಟರು ಎಂಬುದರ ಮೇಲೆ. ಭತ್ತ ನಾಟಿ ಮಾಡಿ, ಸಾಲದ ಗೊಬ್ಬರ ಚೆಲ್ಲಿ, ರಾತ್ರಿಯೆಲ್ಲ ತೂಬಿನ ಹತ್ತಿರ ಕಾಯುವ ಮನುಷ್ಯ ಅವನು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಅವನ ಇಡೀ ವರ್ಷ ನೂರು ಕಿಲೋಮೀಟರಿಗೂ ಆಚೆಯ ಆ ಸರಪಳಿಯ ಮೇಲೆ ತೂಗುತ್ತಿತ್ತು. ಸಂಬಳದ ದಿನಾಂಕ ಗೊತ್ತಿರುವ ಬೆಂಗಳೂರಿನ ಟೆಕ್ಕಿಯ ಒತ್ತಡಕ್ಕೆ ಕೌನ್ಸೆಲಿಂಗ್ ಇದೆ, ರಜೆ ಇದೆ. ಇವನದ್ದಕ್ಕೆ ಹೆಸರೂ ಇಲ್ಲ.

ತುಂಬಿದ ಮನೆಯ ಮಾತಿಗೆ ಬರುತ್ತೇನೆ. ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದಕ್ಕೆ ಸುಗ್ಗಿ ಮುಗಿದ ಮೇಲೆ ಹೋಗಿ ನೋಡಿ. ರೇಷನ್ ಕಾರ್ಡಿನಲ್ಲಿ ಎಂಟೋ ಹತ್ತೋ ಹೆಸರಿರುವ ಮನೆಯಲ್ಲಿ ಇರುವವರು ಅಜ್ಜಿ ಮತ್ತು ಇಬ್ಬರು ಮಕ್ಕಳು. ದುಡಿಯುವವರೆಲ್ಲ ಗುಳೆ ಹೋಗಿದ್ದಾರೆ. ನಾವು ಅಜ್ಜಿಗೆ ಆಸರೆ ಇದೆ ಎಂದು ಎಣಿಸಿದ ಮೊಮ್ಮಕ್ಕಳು ಆಸರೆ ಬೇಡುವವರು. ಅವಳು ಅವರಿಗೆ ಬೇಯಿಸಬೇಕು, ಶಾಲೆಗೆ ಕಳಿಸಬೇಕು, ಜ್ವರ ಬಂದರೆ ಹೊತ್ತೊಯ್ಯಬೇಕು, ಬೆಳೆದ ಹುಡುಗಿಯನ್ನು ಕಾಯಬೇಕು. ಒತ್ತಡ ತಗ್ಗಿಸುತ್ತದೆಂದು ನಾವು ಕೊಂಡಾಡುವ ಕುಟುಂಬವೇ ಅವಳ ಎಪ್ಪತ್ತನೆಯ ವಯಸ್ಸಿನ ಒತ್ತಡ.

ಎಲ್ಲರೂ ಮನೆಯಲ್ಲೇ ಇದ್ದಾಗ? ಆಗಲೂ ತಲೆಗಳನ್ನು ಎಣಿಸಿ ಆಸರೆ ಅಳೆಯಲಾಗದು. ಇಂಗ್ಲೆಂಡಿನ ಸುಮಾರು ಹತ್ತು ಸಾವಿರ ಹಿರಿಯರನ್ನು ಹತ್ತು ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳಿಂದ ನೆಮ್ಮದಿಯ ಬೆಂಬಲ ಸಿಕ್ಕವರಿಗೆ ಡಿಮೆನ್ಷಿಯಾದ ಅಪಾಯ ಕಡಿಮೆಯಿತ್ತು. ಟೀಕಿಸುವ, ನಂಬಿ ಕೂತಾಗ ಕೈಬಿಡುವ ಸಂಬಂಧಗಳಲ್ಲಿದ್ದವರಿಗೆ ಅಪಾಯ ಹೆಚ್ಚಿತ್ತು. ಬ್ರಿಟಿಷ್ ಸರ್ಕಾರಿ ನೌಕರರ ಮೇಲಿನ ‘ವೈಟ್‌ಹಾಲ್’ ಅಧ್ಯಯನವೂ 2014ರಲ್ಲಿ ಇದನ್ನೇ ಹೇಳಿತ್ತು: ಹತ್ತಿರದವರ ಕಿರುಕುಳ ಬುದ್ಧಿಯ ಸವೆತವನ್ನು ವೇಗಗೊಳಿಸುತ್ತದೆ. ಅಮೆರಿಕದ 2021ರ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಪ್ರೀತಿ, ಸಲಹೆ, ಸಂಪರ್ಕ ಎಂದು ಆಸರೆಯ ಬೇರೆ ಬೇರೆ ಬಗೆಗಳನ್ನು ಬಿಡಿಸಿ ನೋಡಿದಾಗ ಮಿದುಳು ಕುಗ್ಗಿದರೂ ಬುದ್ಧಿಯನ್ನು ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ಒಂದೇ: ಮಾತು ಕೇಳಿಸಿಕೊಳ್ಳುವ ಒಬ್ಬರು ಸಿಗುವುದು. ನಲವತ್ತು, ಐವತ್ತರ ವಯಸ್ಸಿನವರಲ್ಲಿ ಹಾಗೆ ಕೇಳುವವರಿಲ್ಲದವರ ಬುದ್ಧಿಯ ವಯಸ್ಸು, ಕೇಳುವವರಿದ್ದವರಿಗಿಂತ ನಾಲ್ಕು ವರ್ಷ ಮುಂದಿತ್ತು.

ನಮ್ಮ ಕಡೆ ಹೆಂಗಸು ತನ್ನ ಸಂಕಟವನ್ನು ಯಾರ ಮುಂದೆ ಹೇಳುತ್ತಾಳೆ? ಅತ್ತೆಯ ಮುಂದೆ ಹೇಳುವಂತಿಲ್ಲ, ಸೊಸೆಯ ಮುಂದೆ ಹೇಳಿದರೆ ಮಾನ ಹೋಗುತ್ತದೆ, ಮಗನಿಗೆ ಹೇಳಿದರೆ ಜಗಳ. ತವರು ಇನ್ನೊಂದು ಊರು. ‘ಸಮುದಾಯ’ ಎಂದು ನಾವು ಹೆಮ್ಮೆಯಿಂದ ಕರೆಯುವುದೇ ಕೆಲವರ ಪಾಲಿಗೆ ಗಾಯದ ಮೂಲ. ಈ ಸೀಮೆಯಲ್ಲಿ ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡು ಈಗ ಮುದಿಯಾದ ದೇವದಾಸಿ ತಾಯಂದಿರಿದ್ದಾರೆ. ನಿಷೇಧದ ಕಾನೂನು 1982ರಲ್ಲೇ ಬಂದಿತ್ತು. ಸರ್ಕಾರದ ಸಮೀಕ್ಷೆಗಳು ರಾಜ್ಯದಲ್ಲಿ 46,660 ಮಂದಿಯನ್ನು ಪಟ್ಟಿಮಾಡಿದವು. ಅವರನ್ನು ಈ ಸ್ಥಿತಿಗೆ ನೂಕಿದ್ದು ಬಂಧುಬಳಗ, ಊರು, ದೇವರ ಹೆಸರು. ಊರಿನ ಆಸರೆ ಮಿದುಳನ್ನು ಕಾಯುತ್ತದೆ ಎಂದು ಅವರ ಮುಂದೆ ನಿಂತು ಹೇಳುವ ಧೈರ್ಯ ನಮಗಿದೆಯೇ?

ಆಸರೆಯೇ ಕೊರಳಿಗೆ ಉರುಳಾಗುವ ಇನ್ನೊಂದು ಕಥೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮ ಕಣ್ಣೆದುರೇ ನಡೆದಿದೆ. ಕಿರುಸಾಲದ ಕಂಪನಿಗಳು ಹಳ್ಳಿಗೆ ಬಂದಾಗ ಅಡವು ಕೇಳಲಿಲ್ಲ, ಗುಂಪು ಕೇಳಿದವು. ಹತ್ತು ಹೆಂಗಸರು ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಅಡವಿಗೆ ಬಿದ್ದದ್ದು ಹೊಲವಲ್ಲ, ಗೆಳೆತನ. ಕಂತಿನ ದಿನ ಬಾಗಿಲಿಗೆ ಬರುವವನು ಕಂಪನಿಯ ಹುಡುಗ ಒಬ್ಬನೇ ಅಲ್ಲ. ಅವನ ಹಿಂದೆ ಪಕ್ಕದ ಮನೆಯವಳು, ಎದುರು ಮನೆಯವಳು, ಹೆರಿಗೆಯಲ್ಲಿ ಕೈ ಹಿಡಿದವಳು. ಕಷ್ಟ ಹೇಳಿಕೊಳ್ಳಬಹುದಾಗಿದ್ದ ಒಂದೇ ಬಾಗಿಲು ಹೀಗೆ ಮುಚ್ಚಿತು. ವಸೂಲಿಯ ಕಿರುಕುಳಕ್ಕೆ ಮನೆ ಬಿಟ್ಟವರು, ಜೀವ ಬಿಟ್ಟವರು ಸುದ್ದಿಯಾದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಗೆ ತಡೆ ಹಾಕುವ ಸುಗ್ರೀವಾಜ್ಞೆ ತಂದಿತು. ಬೇಕಾಗಿದ್ದ ಕ್ರಮ ಅದು. ಆದರೆ ಬಾಗಿಲು ಬಡಿಯುವುದು ನಿಂತ ಮೇಲೂ ಭಯ ನಿಲ್ಲುತ್ತದೆಯೇ? ಬೆಂಗಳೂರಿನ ಇಲಿಗಳ ಅಮಿಗ್ಡಲ ನನಗೆ ಇಲ್ಲಿ ನೆನಪಾಗುತ್ತದೆ. ಐವತ್ತರ ಹೆಂಗಸು ಈ ವರ್ಷಗಳಲ್ಲಿ ಉಂಡ ಭಯದ ಲೆಕ್ಕ ಅವಳ ಎಪ್ಪತ್ತರಲ್ಲಿ ತೆರೆಯುತ್ತದೆ.

ಇದರ ಎದುರಿಗೆ ಇಡಬೇಕಾದ ಉದಾಹರಣೆಗಳೂ ಇದೇ ನೆಲದಲ್ಲಿವೆ. ಮಾನ್ವಿ ಭಾಗದ ಪೋತ್ನಾಳದಲ್ಲಿ ದಲಿತ ಕೂಲಿ ಹೆಂಗಸರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಬೇವಿನ ಗೊಬ್ಬರ ಮಾಡಿತು, ಸುಟ್ಟ ಮಣ್ಣಿನ ಒಡವೆ ಮಾಡಿತು. ಅದಕ್ಕಿಂತ ಮುಖ್ಯವಾಗಿ, ಹೊಡೆತ ತಿಂದ ಹೆಂಗಸು ರಾತ್ರಿ ಹೋಗಿ ಕದ ತಟ್ಟಬಹುದಾದ ಜಾಗವೊಂದು ಆಯಿತು. ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ, ಜನರ ಬಾಯಲ್ಲಿ ‘ಗ್ರಾಕೂಸ್’, ಉದ್ಯೋಗ ಖಾತ್ರಿಯ ಕೂಲಿಗಾಗಿ ಪಂಚಾಯಿತಿಗಳ ಮುಂದೆ ಕೂತಾಗ ಮಾಡಿದ್ದೂ ಅದನ್ನೇ. ಅರ್ಜಿ ಹಾಕಿ ಕೆಲಸ ಕೇಳುವ ಹೆಂಗಸಿಗೆ ನಾಳೆ ಏನು ಎಂಬುದು ಸ್ವಲ್ಪವಾದರೂ ತನ್ನ ಕೈಯಲ್ಲಿದೆ ಎನಿಸುತ್ತದೆ. ಗುಳೆ ತಪ್ಪಿದಷ್ಟು ದಿನ ಮನೆ ನಿಜಕ್ಕೂ ತುಂಬಿರುತ್ತದೆ. ಇಂಥ ಸಂಘಗಳನ್ನು ನಾವು ರಾಜಕೀಯದ ಅಂಕಣದಲ್ಲಿ ಬರೆಯುತ್ತೇವೆ. ಆರೋಗ್ಯದ ಅಂಕಣದಲ್ಲೂ ಬರೆಯಬೇಕು. ಶಂಕರನಾರಾಯಣ ರಾವ್ ಅವರ ನಿಮ್ಹಾನ್ಸ್ ಪ್ರಯೋಗಾಲಯ 2009ರಲ್ಲಿ ತೋರಿಸಿದಂತೆ, ಒತ್ತಡದಿಂದ ಬಳಲಿದ ಇಲಿಗಳನ್ನು ಸಂಗಾತಿಗಳೂ ಚಟುವಟಿಕೆಯೂ ಇರುವ ಸಮೃದ್ಧ ಗೂಡಿಗೆ ಬಿಟ್ಟರೆ ಹಿಪೊಕ್ಯಾಂಪಸಿನಲ್ಲಿ ಹೊಸ ಕೋಶಗಳು ಮತ್ತೆ ಹುಟ್ಟುತ್ತವೆ, ಕಲಿಕೆಯ ಶಕ್ತಿ ಮರಳುತ್ತದೆ. ಬಡವರ ಮಿದುಳು ಹಾಳಾಗಿಹೋಯಿತು, ಇನ್ನೇನೂ ಆಗದು ಎಂಬ ವಿರುದ್ಧ ದಿಕ್ಕಿನ ನಿರಾಸೆಯೂ ಅಷ್ಟೇ ಸುಳ್ಳು.

ಎದುರು ವಾದಿಸುವವರಿಗೆ ನ್ಯಾಯ ಸಲ್ಲಿಸಬೇಕಾದ ಎರಡು ಮಾತಿವೆ. ಮೊದಲನೆಯದು: ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ಡಿಮೆನ್ಷಿಯಾ ಆಯೋಗ 2024ರಲ್ಲಿ ಕೊಟ್ಟ 14 ಅಪಾಯಕಾರಿ ಅಂಶಗಳ ಪಟ್ಟಿಯಲ್ಲಿ ‘ಒತ್ತಡ’ ಎಂಬುದು ಇಲ್ಲ. ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುವ ಆ ಪಟ್ಟಿಯಲ್ಲಿ ಕಡಿಮೆ ಶಿಕ್ಷಣ, ಕಿವುಡು, ರಕ್ತದೊತ್ತಡ, ಸಕ್ಕರೆ, ಖಿನ್ನತೆ, ಮದ್ಯ, ತಂಬಾಕು, ಹೊಗೆ ತುಂಬಿದ ಗಾಳಿ, ಕಣ್ಣಿನ ಮಂಜು, ಒಂಟಿತನ ಇವೆ. ನಿಜ. ಆದರೆ ಒತ್ತಡ ತನ್ನ ಹೆಸರಿನಲ್ಲಿ ಬರುವುದಿಲ್ಲ. ಏರಿದ ರಕ್ತದೊತ್ತಡವಾಗಿ, ಖಿನ್ನತೆಯಾಗಿ, ಸಾರಾಯಿಯಾಗಿ, ಬಿಟ್ಟ ಶಾಲೆಯಾಗಿ ಬರುತ್ತದೆ. ಹತ್ತಿ ಜಿನ್ನಿಂಗ್ ಮಿಲ್ಲಿನ, ಅಕ್ಕಿ ಗಿರಣಿಯ ಸದ್ದಿನಲ್ಲಿ ಮೂವತ್ತು ವರ್ಷ ದುಡಿದವನ ಕಿವಿಯನ್ನು, ಶಕ್ತಿನಗರದ ಶಾಖೋತ್ಪನ್ನ ಘಟಕದ ಬೂದಿಯ ಮಗ್ಗುಲಲ್ಲಿ ಬಾಳುವವರ ಉಸಿರನ್ನು ಯೋಚಿಸಿದರೆ ಆ ಪಟ್ಟಿ ರಾಯಚೂರಿನದೇ ಅನಿಸುತ್ತದೆ. ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ: ಡಿಮೆನ್ಷಿಯಾ ಗುರುತು ಹಿಡಿಯುವ ಹಲವು ವರ್ಷ ಮೊದಲೇ ಮನುಷ್ಯ ಜನರಿಂದ ದೂರ ಸರಿಯಲು ಶುರುಮಾಡುತ್ತಾನೆ, ಮಂಕಾಗುತ್ತಾನೆ. ಹಾಗಿದ್ದಾಗ ಒಂಟಿತನ ಕಾರಣವೋ, ಕಾಯಿಲೆಯ ಮೊದಲ ಲಕ್ಷಣವೋ? ಎರಡೂ ಇರಬಹುದು. ಹೇಗಿದ್ದರೂ ಕಟ್ಟೆಗೆ ಬರುವುದನ್ನು ಬಿಟ್ಟ ಮುದುಕನನ್ನು ‘ಅವನ ಸ್ವಭಾವ’ ಎಂದು ಬಿಡುವಂತಿಲ್ಲ.

ಹಳ್ಳಿಯ ಬದುಕಿನಲ್ಲಿ ಮಿದುಳಿಗೆ ಒಳಿತು ಮಾಡುವುದು ಏನೂ ಇಲ್ಲ ಎನ್ನುವುದು ನನ್ನ ವಾದವಲ್ಲ. ರಾಯಚೂರಿನವರ ನಾಲಗೆಯ ಮೇಲೆ ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ಕೂಡಿ ಆಡುತ್ತವೆ. ಪಕ್ಕದ ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಶಾಲೆಗೇ ಹೋಗದವರಲ್ಲೂ ಈ ಲಾಭ ಕಂಡಿತು. ರಾಯಚೂರಿನ ತೀನ್ ಕಂದೀಲ್ ಪೇಟೆಯಲ್ಲಿ ಮೂರು ಭಾಷೆಯಲ್ಲಿ ಬೆಲೆ ಇಳಿಸುವ ಅನಕ್ಷರಸ್ಥ ಮುದುಕಿಯ ಆಸ್ತಿ ಅದು. ಸುಡೋಕು ಬಿಡಿಸಿ, ಬಾದಾಮಿ ತಿನ್ನಿ ಎಂಬ ಪತ್ರಿಕೆಗಳ ಉಪದೇಶಕ್ಕಿಂತ ಅದು ದೊಡ್ಡದು. ಆ ಉಪದೇಶದ ಬಗ್ಗೆ ಹೆಚ್ಚು ಬರೆಯುವ ಅಗತ್ಯವೂ ಇಲ್ಲ. ಮಿದುಳನ್ನು ಒಬ್ಬೊಬ್ಬರ ಖಾಸಗಿ ಜವಾಬ್ದಾರಿ ಮಾಡಿ ಅದು ಕೈತೊಳೆದುಕೊಳ್ಳುತ್ತದೆ.

ಇಲ್ಲಿನವರು ಪ್ರೀತಿಯಿಂದ ಹೇಳುವ ಒಂದು ಐತಿಹ್ಯವಿದೆ. ದೇವದುರ್ಗ ಸೀಮೆಯ ಮೊಸರಕಲ್ಲಿನವರಾದ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟರು ಎಂಬ ನಂಬಿಕೆ. ಆ ವರ್ಷಗಳಿಂದಲೇ ‘ಹರಿಕಥಾಮೃತಸಾರ’ ನಮಗೆ ದಕ್ಕಿತು ಎನ್ನುತ್ತಾರೆ. ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು, ಕೊಟ್ಟದ್ದು ಎಲ್ಲಿಂದಲೋ ಬರಲಿಲ್ಲ, ಕೊಡುವವರ ಬದುಕಿನಿಂದ ಕಳೆದು ಬಂತು ಎಂಬುದು. ಹಾಸಿಗೆ ಹಿಡಿದ, ರಾತ್ರಿ ಎದ್ದು ಅಲೆಯುವ, ಮಗನನ್ನೇ ಗುರುತಿಸದ ಹಿರಿಯರನ್ನು ನೋಡಿಕೊಳ್ಳುವ ಸೊಸೆ ಕೂಡ ತನ್ನದರಿಂದ ಕೊಡುತ್ತಿದ್ದಾಳೆ. ಕಾಯಿಲೆಯ ಮಕ್ಕಳ ಆರೈಕೆಯಲ್ಲಿ ಹಲವು ವರ್ಷ ಕಳೆದ ತಾಯಂದಿರ ಜೀವಕೋಶಗಳಲ್ಲಿ, ವಯಸ್ಸಾದಂತೆ ಸವೆಯುವ ವರ್ಣತಂತುಗಳ ತುದಿ ಹೆಚ್ಚು ಚಿಕ್ಕದಾಗಿತ್ತು ಎಂದು ಎಲಿಸಾ ಎಪೆಲ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ 2004ರಲ್ಲಿ ಕಂಡರು. ಕೂಡುಕುಟುಂಬದ ಆಸರೆ ಎಂದಾಗ ಈ ಒಬ್ಬ ಹೆಂಗಸಿನ ದುಡಿಮೆಯನ್ನೇ ನಾವು ಹೇಳುತ್ತಿರುತ್ತೇವೆ. ಗೋಪಾಲದಾಸರು ಸ್ವಇಚ್ಛೆಯಿಂದ ಕೊಟ್ಟರು. ಅವಳನ್ನು ಯಾರೂ ಕೇಳಿಲ್ಲ.

ರಾಯಚೂರು ನಗರದಲ್ಲಿ ಮರುಕದ ದಿಕ್ಕೇ ಬೇರೆ. ನಿಜಲಿಂಗಪ್ಪ ಕಾಲೊನಿಯ ನಿವೃತ್ತ ದಂಪತಿಯ ಮಕ್ಕಳು ಅಮೆರಿಕದಲ್ಲಿದ್ದಾರೆ ಎಂದರೆ ಎಲ್ಲರೂ ಅಯ್ಯೋ ಎನ್ನುತ್ತಾರೆ. ಅವರ ಒಂಟಿತನ ನಿಜವೇ. ಆದರೆ ಅವರಿಗೆ ಪಿಂಚಣಿ ಇದೆ, ಬೀಪಿ ಮಾತ್ರೆ ಇದೆ, ರಿಮ್ಸ್ ಆಸ್ಪತ್ರೆ ಹತ್ತಿರದಲ್ಲಿದೆ, ವಿಡಿಯೋ ಕಾಲ್ ಇದೆ. ಸಿಯಾತಲಾಬಿನ ಕಿಕ್ಕಿರಿದ ಗಲ್ಲಿಯ ಮುದುಕಿಯ ಬಗ್ಗೆ, ಸುತ್ತ ಜನ ಇದ್ದಾರೆಂಬ ಕಾರಣಕ್ಕೇ, ಯಾರೂ ಅಯ್ಯೋ ಎನ್ನುವುದಿಲ್ಲ.

ಈ ತಪ್ಪು ತಿಳಿವಳಿಕೆಯ ಬೆಲೆ ಸರ್ಕಾರದ ಕಡತದಲ್ಲಿ ಕಾಣುತ್ತದೆ. ಕುಟುಂಬ ನೋಡಿಕೊಳ್ಳುತ್ತದೆ ಎಂದು ನಂಬಿದ ದೇಶ, ವೃದ್ಧಾಪ್ಯ ಪಿಂಚಣಿಯಲ್ಲಿ 80ರೊಳಗಿನವರಿಗೆ ಕೇಂದ್ರದ ಪಾಲು 200 ರೂಪಾಯಿ ಎಂದು ನಿಗದಿ ಮಾಡಿ ಹದಿನೈದು ವರ್ಷ ದಾಟಿದರೂ ಬದಲಿಸಲಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ತಿಂಗಳಿಗೆ 1200 ರೂಪಾಯಿ. ಕೈಯಲ್ಲಿ ತನ್ನದೆಂಬ ನಾಲ್ಕು ಕಾಸಿದ್ದರೆ ಮನೆಯಲ್ಲಿ ಮುದುಕಿಯ ಮಾತಿಗೆ ಬೆಲೆ ಬರುತ್ತದೆ ಎಂಬುದನ್ನು ಗೃಹಲಕ್ಷ್ಮಿಯ 2000 ರೂಪಾಯಿ ಬಂದ ಮೇಲೆ ಯಾವ ಹಳ್ಳಿಯಲ್ಲಾದರೂ ಕೇಳಿ ತಿಳಿಯಬಹುದು. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ 2023ರ ಜೂನಿನಿಂದ ಮಾನ್ವಿಯ ಅಜ್ಜಿ ಮಗಳ ಊರಿಗೆ ಹೋಗಿ ಎರಡು ದಿನ ಕೂತು ಮಾತಾಡಿ ಬರುತ್ತಾಳೆ. ಈ ಯೋಜನೆಗಳನ್ನು ಬಿಟ್ಟಿ ಎಂದು ಹಂಗಿಸುವವರು ಆ ಎರಡು ದಿನದ ಮಾತನ್ನು ಯಾವ ಔಷಧಿ ಅಂಗಡಿಯಲ್ಲಿ ಕೊಡಿಸುತ್ತಾರೆ?

ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಶುರುಮಾಡಿದ ಪ್ರಯೋಗವೇ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಇಷ್ಟಾದರೂ ರಾಜ್ಯದ ಮಿದುಳು ಆರೋಗ್ಯ ಯೋಜನೆ 2022ರಲ್ಲಿ ಮೊದಲು ಶುರುವಾದದ್ದು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹತ್ತು ಸಾವಿರ ಹಳ್ಳಿಗರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಮಹತ್ವದ ಅಧ್ಯಯನಕ್ಕೆ ಆರಿಸಿಕೊಂಡದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರವನ್ನು. ಒಳ್ಳೆಯ ಕೆಲಸ ಅದು, ಮುಂದುವರಿಯಲಿ. ಆದರೆ ಬೆಂಗಳೂರಿಗೆ ಹಾಲು ಮಾವು ಕಳಿಸುವ ತಾಲ್ಲೂಕಿನ ಬದುಕು, ಬೆಂಗಳೂರಿಗೆ ಮನುಷ್ಯರನ್ನೇ ಕಳಿಸುವ ತಾಲ್ಲೂಕಿನ ಬದುಕಲ್ಲ.

ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಆ ಬೇಡಿಕೆ ನ್ಯಾಯದ್ದು. ಏಮ್ಸ್ ಬರುವ ತನಕ ಕಾಯದೆಯೂ ಮಾಡಬಹುದಾದ ಕೆಲಸವಿದೆ. ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯದಲ್ಲಿ 60 ದಾಟಿದವರ ನೆನಪಿನ ಪರೀಕ್ಷೆ ಕಡ್ಡಾಯವಾಗಲಿ. ಓದು ಬಾರದವರಿಗೂ ಒಗ್ಗುವ ಪರೀಕ್ಷೆಗಳನ್ನು ಐಸಿಎಂಆರ್ ಕನ್ನಡದಲ್ಲೇ ಸಿದ್ಧಪಡಿಸಿದೆ. ರಕ್ತದೊತ್ತಡದ ಮಾತ್ರೆ ಗುಳೆ ಹೋದ ಊರಿನಲ್ಲೂ ಸಿಗಲಿ. ಶ್ರವಣಯಂತ್ರ, ಕನ್ನಡಕ ಪಂಚಾಯಿತಿ ಮಟ್ಟದಲ್ಲಿ ಸಿಗಲಿ. ಮರೆವಿನವರನ್ನು ನೋಡಿಕೊಳ್ಳುವ ಹೆಂಗಸಿಗೆ ವಾರದಲ್ಲಿ ಒಂದು ದಿನವಾದರೂ ಬಿಡುವು ಸಿಗುವಂತೆ, ಅಂಗನವಾಡಿಯ ಹಾಗೆ ಹಿರಿಯರ ಹಗಲುಮನೆ ಬರಲಿ. ವರ್ಷಕ್ಕೆ 5000 ಕೋಟಿ ರೂಪಾಯಿ ಘೋಷಣೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಭಾರವಲ್ಲ.

ಅದರ ಜೊತೆಗೆ ರಿಮ್ಸ್ ಮತ್ತು ನಿಮ್ಹಾನ್ಸ್ ಕೂಡಿ ಈ ಎರಡು ತಾಲ್ಲೂಕುಗಳಲ್ಲಿ ಒಂದು ದೀರ್ಘ ಅಧ್ಯಯನ ಹಿಡಿಯಬೇಕು. ನಲವತ್ತರ ವಯಸ್ಸಿನಿಂದಲೇ ಶುರುವಾಗಬೇಕು. ಶ್ರೀನಿವಾಸಪುರದ ಪ್ರಶ್ನಾವಳಿ ಇಲ್ಲಿಗೆ ಸಾಲದು. ವರ್ಷದಲ್ಲಿ ಎಷ್ಟು ತಿಂಗಳು ಮನೆಗೆ ಬೀಗ ಬಿತ್ತು, ಯಾವ ವಯಸ್ಸಿನಲ್ಲಿ ಮದುವೆಯಾಯಿತು, ಯಾವ ವರ್ಷ ಕಾಲುವೆಗೆ ನೀರು ಬರಲಿಲ್ಲ, ಸಾಲಕ್ಕೆ ಯಾರು ಜಾಮೀನು ನಿಂತರು, ಕಂತು ತಪ್ಪಿದ ದಿನ ಯಾರು ಬಂದರು, ಕಷ್ಟವನ್ನು ಯಾರ ಮುಂದೆ ಹೇಳಿಕೊಂಡಿರಿ ಎಂದು ಕೇಳಬೇಕು. ಕನ್ನಡ, ತೆಲುಗು, ದಖ್ಖನಿ ಮೂರರಲ್ಲೂ ಕೇಳಬೇಕು. ಮನೆಯ ಗಂಡಸರನ್ನಲ್ಲ, ಆ ಮುದುಕಿಯನ್ನೇ, ಮನೆಯವರು ಇಲ್ಲದ ಕಡೆ ಕೂಡಿಸಿ ಕೇಳಬೇಕು. ಕೇಳಿ ಬರೆದುಕೊಳ್ಳುವವರು ಅದೇ ಊರಿನ ಹೆಣ್ಣುಮಕ್ಕಳಾಗಿರಬೇಕು, ಮತ್ತು ಅವರಿಗೆ ಗೌರವಧನದ ಬದಲು ಪೂರಾ ಸಂಬಳ ಸಿಗಬೇಕು.